ಗುಂಡಕ್ಕನ ಕೈಗವಸು

ಆಕೆ ಕಡ್ಡಿಯಂತೆ ಸಣಕಲು. ಆದರೂ ರಾಕೆಟ್ ಹಾರಿಸುವ ಆ ನೆಲೆಯಲ್ಲಿ ಎಲ್ಲರಿಗೂ ಗುಂಡಕ್ಕ. ರಾಕೆಟ್ಟಿನ ಮೂತಿಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಲೋಹದ ಗುಂಡೊಂದು ಇರುತ್ತದೆ. ನೂರು ಕಿಲೋಮೀಟರ್ ಮೇಲೆ, ಗಾಳಿ ತೆಳುವಾದ ಕಡೆ, ವಿದ್ಯುತ್ತು ಹೊತ್ತ ಕಣಗಳು ಎಷ್ಟಿವೆಯೆಂದು ಅದು ಅಳೆಯುತ್ತದೆ. ಬೆರಳಿನ ಜಿಡ್ಡು ತಗುಲಿದರೆ ಅಳತೆ ಕೆಟ್ಟಂತೆ. ಕೈಗವಸು ತೊಟ್ಟು ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಹಾರುವ ಮುನ್ನ ಅದರ ಕೆಂಪು ಟೊಪ್ಪಿಗೆ ತೆಗೆದು ಬರುವ ಕೆಲಸ ಇಪ್ಪತ್ತಾರು ವರ್ಷಗಳಿಂದ ಅಕ್ಕನದೇ.

ಅಕ್ಕನ ಮನೆಯವರು ದರ್ಜಿ. ಬಸ್ಸಿನಲ್ಲಿ ನಾಲ್ಕು ಗಂಟೆ ದೂರದ ಪಟ್ಟಣದಲ್ಲಿದ್ದಾರೆ. ಎರಡು ವರ್ಷದ ಹಿಂದೆ ಬಲಗಾಲಿನ ಸ್ವಾಧೀನ ತಪ್ಪಿತು, ಮಷಿನ್ ತುಳಿಯುವುದು ನಿಂತಿತು. ಅಕ್ಕ ಭಾನುವಾರ ಹೋಗಿ, ಬಟ್ಟೆ ಒಗೆದು, ಮನೆ ಗುಡಿಸಿ, ಸಂಜೆಯ ಬಸ್ಸಿಗೆ ಓಡುತ್ತಿದ್ದರು.

"ನೆಂಟರ ಥರ ಬಂದು ಹೋಗ್ತೀಯಲ್ಲೇ, ಇನ್ಮೇಲೆ ಟೀ ಕೊಟ್ಟು ಕಳಿಸ್ತೀನಿ" ಎಂದು ಅವರು ಛೇಡಿಸಿದಾಗ ಅಕ್ಕನಿಗೆ ನಗು ಬರಲಿಲ್ಲ.

ಇಲಾಖೆಯ ಉಗ್ರಾಣವೊಂದು ಆ ಪಟ್ಟಣದಲ್ಲೇ ಇತ್ತು. ಅಲ್ಲಿಗೆ ವರ್ಗ ಕೇಳಿ ಮೂರು ಅರ್ಜಿ ಹಾಕಿದ್ದರು, ಮೂರೂ ವಾಪಸ್ಸು ಬಂದಿದ್ದವು. ನಾಲ್ಕನೆಯದಕ್ಕೆ ಮೇಲ್ವಿಚಾರಕರು ಒಪ್ಪಿದರು. ಈ ರಾಕೆಟ್ ಹಾರಲಿ, ಮಾರನೆಯ ದಿನವೇ ಸಹಿ ಎಂದರು.

ರಾಕೆಟ್ ಹಾರುವ ದಿನ ಗುಂಡು ಒರೆಸಿ, ಟೊಪ್ಪಿಗೆ ತೆಗೆದು ಬಂದು, ಎಲ್ಲರಂತೆ ಅಕ್ಕನೂ ನೆಲಮಾಳಿಗೆ ಸೇರಿದರು. ರಾಕೆಟ್ಟಿಗೆ ಕಿಡಿ ಹೊತ್ತಿಸುವ ತಂತಿ ಜೋಡಿಸಿದ ಮೇಲೆ ಅಲ್ಲಿನ ಕಬ್ಬಿಣದ ಬಾಗಿಲು ತೆರೆಯುವಂತಿಲ್ಲ. ಕಿಟಕಿಯಿಲ್ಲದ ಕೋಣೆ, ಐದು ಜನ, ಒಂದು ಫ್ಯಾನು. ಆಕಾಶದಲ್ಲಿ ಕಣಗಳ ಪದರ ಕಟ್ಟಿಕೊಂಡದ್ದು ಪರದೆಯಲ್ಲಿ ಕಾಣಿಸುವವರೆಗೂ ಕಾಯಬೇಕು. ಮಧ್ಯಾಹ್ನ ಕಾಣಿಸಿತು. ಇನ್ನು ಆರು ನಿಮಿಷ ಎಂದು ಎಣಿಕೆ ಶುರುವಾಯಿತು.

ಅಕ್ಕ ತೆಳು ನೈಲಾನಿನ ಕೈಗವಸು ಮಡಿಸುತ್ತಿದ್ದರು. ಬಲ ಹೆಬ್ಬೆರಳಿನ ತುದಿಯಲ್ಲಿ ಸಾಸಿವೆಕಾಳಿನಷ್ಟು ತೂತು. ಒಳಗೆ ಬರುವಾಗ ಬಾಗಿಲ ಚಿಲಕಕ್ಕೆ ಸಿಕ್ಕಿ ಹರಿಯಿತೋ, ಗುಂಡು ಒರೆಸುವಾಗಲೇ ಹರಿದಿತ್ತೋ ತಿಳಿಯಲಿಲ್ಲ.

ಪಕ್ಕದಲ್ಲಿದ್ದ ಆಪರೇಟರ್ ಅದನ್ನು ನೋಡಿಬಿಟ್ಟ. "ಸುಮ್ನಿರಿ ಅಕ್ಕ. ನಾಳೆ ಸಹಿ ಬೀಳತ್ತೆ. ಯಾರಿಗ್ ಗೊತ್ತಾಗತ್ತೆ?" ಎಂದು ಪಿಸುಗುಟ್ಟಿದ.

"ಗುಂಡಿಗೆ ಗೊತ್ತಾಗತ್ತಲ್ಲಪ್ಪ."

ಐದು ನಿಮಿಷ, ನಾಲ್ಕು ನಿಮಿಷ. ಬಾಯಿ ತೆರೆಯುವ ಶಕ್ತಿ ಕೊಡು ಎಂದಷ್ಟೇ ಅವರು ದೇವರನ್ನು ಕೇಳಿಕೊಂಡರಂತೆ. ಆಮೇಲೆ ಎದ್ದು ನಿಂತು ಮೇಲ್ವಿಚಾರಕರಿಗೆ, "ನಿಲ್ಸಿ ಸಾರ್, ನನ್ನ ಗ್ಲೌಸ್ ಹರಿದಿದೆ" ಎಂದರು.

ತಂತಿ ಬಿಚ್ಚಿ, ಬಾಗಿಲು ತೆರೆಯುವ ಹೊತ್ತಿಗೆ ಒಂದು ಗಂಟೆ ಹೋಯಿತು. ಅಕ್ಕ ಮತ್ತೆ ಏಣಿ ಹತ್ತಿದರು, ಹೊಸ ಕೈಗವಸಿನಲ್ಲಿ ಒರೆಸಿದರು, ಮತ್ತೆ ಆ ಕೋಣೆಗೇ ಇಳಿದರು. ಪುಣ್ಯಕ್ಕೆ ಪದರ ಕರಗಿರಲಿಲ್ಲ. ಎರಡೂವರೆಗೆ ರಾಕೆಟ್ ಹಾರಿತು. ಅಳತೆಯ ಗೆರೆ ಒಂದೂ ಕಲೆಯಿಲ್ಲದೆ ಬಂತು.

ಮಾರನೆಯ ಬೆಳಿಗ್ಗೆ ಅಕ್ಕ ತಮ್ಮದೇ ಪೆನ್ನು ಹಿಡಿದು ಮೇಲ್ವಿಚಾರಕರ ಕೋಣೆಗೆ ಹೋದರು. ಅವರು ಎದ್ದು ನಿಂತು ಕುರ್ಚಿ ಕೊಟ್ಟರು.

"ಬೇರೆ ಯಾರಾದ್ರೂ ಆಗಿದ್ರೆ ನಿನ್ನೆ ಬಾಯಿ ಬಿಡ್ತಿರ್ಲಿಲ್ಲಮ್ಮ. ನಿಮ್ಮಂಥವರನ್ನ ಹೇಗೆ ಬಿಟ್ಟುಕೊಡ್ಲಿ, ನೀವೇ ಹೇಳಿ."

ಅವರು ಅದನ್ನು ಹೊಗಳಿಕೆಯೆಂದೇ ಆಡಿದ್ದು. ಅರ್ಜಿ ಸಹಿಯಿಲ್ಲದೆ ಮೇಜಿನ ಖಾನೆಗೆ ಹೋಯಿತು.

ಭಾನುವಾರ ಮನೆಯವರು ಎಲ್ಲ ಕೇಳಿಸಿಕೊಂಡರು. ತಮಾಷೆ ಮಾಡಲಿಲ್ಲ. ಆ ಕೈಗವಸು ಚೀಲದಲ್ಲಿದೆಯೇ ಎಂದು ಕೇಳಿ, "ಕೊಡಿಲ್ಲಿ, ಹೊಲಿದು ಕೊಡ್ತೀನಿ" ಎಂದು ಸೂಜಿಗೆ ದಾರ ಪೋಣಿಸಿದರು. ಹೊಲಿದ ಕೈಗವಸನ್ನು ಗುಂಡಿನ ಹತ್ತಿರ ಒಯ್ಯುವಂತಿಲ್ಲ. ಅಕ್ಕ ಅದನ್ನು ಹೇಳಲಿಲ್ಲ. ಹೊಲಿಗೆ ಮುಗಿಯುವ ತನಕ ಪಕ್ಕದಲ್ಲಿ ಕೂತಿದ್ದು, ಸಂಜೆಯ ಬಸ್ಸು ಹತ್ತಿದರು.