ವೀರಮ್ಮ ಒಮ್ಮೆ ಹೇಳಿದ ಹೆಸರು

ಬೀಚನಹಳ್ಳಿಯ ವೀರಮ್ಮನಿಗೆ ಈಗ ಐವತ್ತೆರಡು. ಮದುವೆಯಾಗಿ ಮೂವತ್ತನಾಲ್ಕು ವರ್ಷವಾದರೂ ಅವಳು ಗಂಡನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಆಡಿದವಳಲ್ಲ. ಹೇಳಿದರೆ ಗಂಡನ ಆಯಸ್ಸು ಕಮ್ಮಿಯಾಗುತ್ತದೆ ಎಂದು ಅತ್ತೆ ಹೇಳಿದ್ದಳು, ಅಲ್ಲಿಗೆ ಮುಗಿಯಿತು. ಬ್ಯಾಂಕಿನ ಹುಡುಗಿ ಯಜಮಾನರ ಹೆಸರೇನಮ್ಮಾ ಎಂದು ಕೇಳಿದರೆ, "ಅದ್ರಲ್ಲೇ ಬರ್ದದಲ್ಲವ್ವ, ಓದ್ಕೋ" ಎಂದು ರೇಷನ್ ಕಾರ್ಡನ್ನು ಮುಂದಕ್ಕೆ ತಳ್ಳುವಳು. ಗಂಡನದು ಬೆಟ್ಟದ ದೇವರ ಹೆಸರು ಬೇರೆ. ಬೆಟ್ಟಕ್ಕೆ ಹೋದಾಗ ಜನವೆಲ್ಲ ಉಘೇ ಉಘೇ ಎಂದು ದೇವರ ಹೆಸರು ಕೂಗಿದರೆ, ಇವಳು ಎರಡು ಉಘೇ ಹಾಕಿ ಬಾಯಿ ಮುಚ್ಚಿಕೊಳ್ಳುವಳು. ಉಳಿದದ್ದನ್ನು ಬೇಕಾದರೆ ದೇವರೇ ಸೇರಿಸಿಕೊಳ್ಳಲಿ!

ಇಷ್ಟೆಲ್ಲ ಮಾಡಿ ಆಯಸ್ಸು ಉಳಿಯಿತೇ? ಎಲ್ಲಿ ಬಂತು! ಒಂಬತ್ತು ವರ್ಷದ ಹಿಂದೆ ಆಷಾಢದ ಗಾಳಿಗೆ, ಗಂಡ ಕೆಲಸಕ್ಕಿದ್ದ ರೆಸಾರ್ಟಿನ ತೆಪ್ಪವೊಂದು ಹಗ್ಗ ಕಿತ್ತುಕೊಂಡು ಹಿನ್ನೀರಿನ ನಡುವೆ ಹೋಯಿತು. ಅದನ್ನು ಹಿಡಿದು ತರುತ್ತೇನೆಂದು ನೀರಿಗಿಳಿದ ಮನುಷ್ಯ ಮೂರನೆಯ ದಿನ ಸಿಕ್ಕಿದ. ತೆಪ್ಪ ಅಷ್ಟರಲ್ಲಿ ತಾನಾಗಿಯೇ ದಡ ಸೇರಿತ್ತು. ರೆಸಾರ್ಟಿನವರು ಒಂದು ದೊಡ್ಡ ಹಾರ ತಂದರು, ವೀರಮ್ಮನಿಗೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಕೆಲಸ ಕೊಟ್ಟರು. ಕಿಟಕಿಯಾಚೆ ಅದೇ ನೀರು. ಗಂಡನನ್ನು ನುಂಗಿದ ನೀರನ್ನು ನೋಡಿಕೊಂಡೇ ರೊಟ್ಟಿ ತಟ್ಟಬೇಕು, ಹೊಟ್ಟೆ ಕೇಳಬೇಕಲ್ಲ.

"ಇನ್ನೇನಕ್ಕ, ಈಗ ಎಸ್ರು ಯೋಳ್ಬೋದಲ್ಲ" ಎಂದು ಯಾರೋ ಒಮ್ಮೆ ಕೇಳಿದ್ದುಂಟು.

"ಇದ್ದಾಗ ಕೊಟ್ಟ ಮರ್ವಾದೆಯ ಓದ್ಮೇಲೆ ಕಿತ್ಕೊಳ್ಳಕಾಯ್ತದಾ?" ಎಂದಿದ್ದಳು.

ಆ ರೆಸಾರ್ಟಿನ ಬಾರಿನಲ್ಲಿ ಶನಿವಾರ ಅತಿಥಿಗಳಿಗೆಂದು ಇಂಗ್ಲಿಷಿನಲ್ಲಿ ಕ್ವಿಜ್ ನಡೆಯುತ್ತದೆ. ಗ್ಲಾಸು ಹಿಡಿದು ಕುಳಿತವರು ಟೇಬಲ್ಲಿಗೊಂದು ತಂಡವಾಗಿ ಕಿರುಚಾಡುತ್ತಾರೆ. ಮಳೆಗಾಲದಲ್ಲಿ ಅತಿಥಿಗಳು ಕಮ್ಮಿ, ಬಾರು ಬಣಗುಟ್ಟುತ್ತದೆ. ಆಗ ಸೋಮವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಕೆಲಸದವರಿಗೇ ಕನ್ನಡದಲ್ಲಿ ಕ್ವಿಜ್. ಕುಡಿಯಲಿಕ್ಕೆ ನಿಂಬೆ ಶರಬತ್ತು, ಅಷ್ಟೇ. ಅತಿಥಿಗಳಿಗೆ ಕಾಡು ತೋರಿಸುವ ಕಿರಣ್‌ಕುಮಾರನೇ ಪ್ರಶ್ನೆ ಕೇಳುವವನು. ಅವನ ಕೈಯಲ್ಲಿರುವ ಚೀಟಿಯಲ್ಲಿ ಬರೆದದ್ದೇ ಸರಿಯುತ್ತರ. ಅದರ ಮೇಲೆ ಮಾತಿಲ್ಲ.

ಈ ಸಲ ರೆಸಾರ್ಟಿಗೆ ಇಪ್ಪತ್ತೈದು ವರ್ಷ ತುಂಬಿತ್ತು. ಹೊಸ ಮೋಟಾರ್ ದೋಣಿ ಬಂದು ದಡದಲ್ಲಿ ಟಾರ್ಪಾಲು ಹೊದ್ದುಕೊಂಡು ನಿಂತಿತ್ತು. ಗೆದ್ದ ತಂಡ ಹೇಳಿದ ಹೆಸರನ್ನು ಆ ದೋಣಿಗೆ ಬರೆಸುತ್ತೇವೆಂದು ಮ್ಯಾನೇಜರು ಸಾರಿದರು. ಅದನ್ನು ಕೇಳಿದ ವೀರಮ್ಮ ಕೈಯ ಹಿಟ್ಟನ್ನೂ ತೊಳೆಯದೆ ರಿಸೆಪ್ಷನ್ನಿನ ಯಶೋಧರಾಳ ಮುಂದೆ ಹೋಗಿ ನಿಂತಳು.

"ನನ್ನೂ ನಿಮ್ ಟೀಮಿಗೆ ಸೇರಿಸ್ಕೊಳ್ರವ್ವ. ಗೆದ್ರೆ ನಮ್ಮನೆಯೋರ ಎಸ್ರು ಮಡಗ್ಬೇಕು."

"ಆಗ್ಲಿ ವೀರಕ್ಕ. ಏನು ಹೆಸ್ರು?"

"ಗೆದ್ಮೇಲೆ ನಮ್ ಪುಟ್ಟಿ ಯೋಳ್ತಾಳೆ, ಬುಡಿ."

ಪುಟ್ಟಿ ಅವಳ ಒಬ್ಬಳೇ ಮಗಳು. ಕೊಪ್ಪದ ಬಟ್ಟೆ ಅಂಗಡಿಯಲ್ಲಿ ಕೆಲಸ. ಅವ್ವ ಕ್ವಿಜ್ಜಿಗೆ ಸೇರಿದ್ದಾಳೆಂದು ಫೋನಿನಲ್ಲಿ ಕೇಳಿ ಬಿದ್ದು ಬಿದ್ದು ನಕ್ಕಳು. ದೋಣಿಯ ವಿಷಯ ಹೇಳಿದ ಮೇಲೆ ನಗಲಿಲ್ಲ. "ಗೆದ್ಕೊಂಡ್ ಬಾರವ್ವ" ಎಂದಳು.

ಅಡುಗೆಮನೆಗೂ ರಿಸೆಪ್ಷನ್ನಿಗೂ ಸೇರಿ ಒಂದೇ ತಂಡ, ಅದರಲ್ಲಿ ಯಶೋಧರಾ, ತರಕಾರಿ ಹೆಚ್ಚುವ ರಘು, ವೀರಮ್ಮ. ಎದುರಿಗೆ ದೋಣಿಯವರ ತಂಡ, ಅದಕ್ಕೆ ಬೆಟ್ಟಸ್ವಾಮಿ ಯಜಮಾನ. ಈ ಬೆಟ್ಟಸ್ವಾಮಿಯನ್ನು ತೆಪ್ಪದ ಕೆಲಸಕ್ಕೆ ಕರೆತಂದು, ಹುಟ್ಟು ಹಿಡಿಯುವುದನ್ನು ಕಲಿಸಿದವನು ವೀರಮ್ಮನ ಗಂಡ. ಎರಡು ವರ್ಷ ಅವನು ಉಂಡದ್ದು ವೀರಮ್ಮನ ಕೈಯ ಮುದ್ದೆ. ಈಗಲೂ ಎದುರಿಗೆ ಸಿಕ್ಕರೆ ಬಾಯಿ ತುಂಬ ಅಕ್ಕ ಅನ್ನುತ್ತಾನೆ.

ಎಲ್ಲರ ಮೊಬೈಲನ್ನೂ ಒಂದು ಬುಟ್ಟಿಗೆ ಹಾಕಿಸಿಕೊಂಡು ಕಿರಣ್ ಶುರುಮಾಡಿದ. ಆಸ್ಟ್ರೇಲಿಯಾದ ರಾಜಧಾನಿ ಸಿಡ್ನಿ ಎಂದು ರಘು ಎದೆಯುಬ್ಬಿಸಿ ಹೇಳಿ ಒಂದು ಅಂಕ ಕಳೆದ. ಹಾಳಾದವನೇ, ಗೊತ್ತಿಲ್ಲದಿದ್ದರೆ ಸುಮ್ಮನಿರಬಾರದೇ! ಆದರೆ ಆನೆಹಿಂಡು ಹಿನ್ನೀರಿಗೆ ಇಳಿಯುವುದು ಯಾವ ತಿಂಗಳು, ಯಾವ ಸೊಪ್ಪು ತಿಂದರೆ ಮೇಕೆ ಸಾಯುತ್ತದೆ, ಅಣೆಕಟ್ಟೆಗೆ ಎಷ್ಟು ಬಾಗಿಲು, ಇವಕ್ಕೆಲ್ಲ ವೀರಮ್ಮ ತಡವರಿಸದೆ ಹೇಳಿದಳು. "ನೀವು ಮನೆಲಿ ಓದ್ಕೊಂಡ್ ಬಂದಿದ್ದೀರ ವೀರಕ್ಕ" ಎಂದು ಯಶೋಧರಾ ತೊಡೆ ಚಿವುಟಿದಳು. ಓದು ಎಲ್ಲಿಂದ ಬಂತು, ಅವಳಿಗೆ ಸಹಿಯೊಂದು ಬಿಟ್ಟರೆ ಅಕ್ಷರ ಬರುವುದಿಲ್ಲ. ಕೊನೆಗೆ ಎರಡೂ ತಂಡಕ್ಕೆ ಹದಿನಾಲ್ಕು ಅಂಕ. ಉಳಿದದ್ದು ಒಂದೇ ಪ್ರಶ್ನೆ, ಸರದಿ ಅಡುಗೆಮನೆಯವರದು. ಸರಿಯಾದರೆ ಗೆಲುವು, ತಪ್ಪಾದರೆ ಒಂದು ಅಂಕ ಕಳೆದು ಸೋಲು.

ಕಿರಣ್ ಚೀಟಿ ಬಿಚ್ಚಿದ. "ನಮ್ಮ ರೆಸಾರ್ಟಿನ ಮೊಟ್ಟಮೊದಲ ಅತಿಥಿಯನ್ನು ತೆಪ್ಪದಲ್ಲಿ ಕೂರಿಸಿಕೊಂಡು ನೀರಿಗೆ ಹೋದವರು ಯಾರು? ಮೂವತ್ತು ಸೆಕೆಂಡು."

ರಘು ಯಶೋಧರಾಳ ಮುಖ ನೋಡಿದ. ಇಬ್ಬರೂ ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದವರು. ಆ ಸಂಜೆಯ ಮಾತು ವೀರಮ್ಮನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತು? ಆ ಮೊದಲ ಅತಿಥಿ ಪರದೇಶದವನು, ಖುಷಿಯಿಂದ ತನ್ನ ಟೋಪಿಯನ್ನೇ ಕೊಟ್ಟುಬಿಟ್ಟಿದ್ದ. ಗಂಡ ಅದನ್ನು ಹಾಕಿಕೊಂಡೇ ಉಂಡ, ಹಾಕಿಕೊಂಡೇ ಮಲಗಿದ. ಅದು ಈಗಲೂ ಮನೆಯ ಮೊಳೆಯಲ್ಲಿದೆ.

"ಇಪ್ಪತ್ತು" ಎಂದ ಕಿರಣ್.

"ನಮ್ಮನೆಯೋರು" ಎಂದಳು ವೀರಮ್ಮ.

"ಹೆಸರು ಹೇಳ್ಬೇಕಮ್ಮ."

"ನಮ್ ಪುಟ್ಟಿ ಅಪ್ಪ ಕಣಪ್ಪ."

"ಹೆಸರು! ಹತ್ತು ಸೆಕೆಂಡು."

"ಹೇಳಿ ವೀರಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದಳು ಯಶೋಧರಾ.

ವೀರಮ್ಮ ಎದ್ದು ನಿಂತಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ಕಿಟಕಿಯಾಚೆಯ ನೀರಿನ ಕಡೆ ತಿರುಗಿ, ಮನಸ್ಸಿನಲ್ಲೇ ಕೈಮುಗಿದು, ಬಾಯಿ ತೆರೆದಳು.

"ದೊಡ್ಡಮಾದಯ್ಯ."

ಮೂವತ್ತನಾಲ್ಕು ವರ್ಷ ಒಳಗಿಟ್ಟುಕೊಂಡದ್ದು ಹೊರಗೆ ಬಂತು. ಮುಖದಲ್ಲಿ ಮದುವಣಗಿತ್ತಿಯ ನಾಚಿಕೆ. ಎಷ್ಟು ಚೆಂದದ ಹೆಸರು ಎನ್ನಿಸಿತು ಅವಳಿಗೆ.

ಕಿರಣ್ ಚೀಟಿ ನೋಡಿದ. "ತಪ್ಪು ಉತ್ತರ. ಸರಿಯುತ್ತರ, ನಮ್ಮ ಬೆಟ್ಟಸ್ವಾಮಿ ಅವರು."

ದೋಣಿಯವರು ಕುಣಿದಾಡಿದರು. ಯಶೋಧರಾ ಜಗಳಕ್ಕೇ ನಿಂತಳು. "ಅವರ ಗಂಡ ಕಣ್ರೀ, ಅವರಿಗೆ ಗೊತ್ತಿರಲ್ವಾ?" ಎಂದಳು. ಕಿರಣ್ ಪಾಪ, ಹಳೆಯ ವಿಷಯ ತಿಳಿಯದವನು. ರೆಸಾರ್ಟಿನ ಚರಿತ್ರೆಯ ಪುಸ್ತಕದಲ್ಲಿ ಹಾಗಿದೆ, ಬೆಟ್ಟಣ್ಣನೇ ಬರೆಸಿದ್ದು ಎಂದ. ಎಲ್ಲರೂ ಬೆಟ್ಟಸ್ವಾಮಿಯ ಕಡೆ ತಿರುಗಿದರು. ವೀರಮ್ಮನೂ ತಿರುಗಿದಳು. ಅವನು ಹೇಳಿಯೇ ಹೇಳುತ್ತಾನೆಂದು ಅವಳಿಗೆ ಒಂದಿಷ್ಟೂ ಅನುಮಾನವಿರಲಿಲ್ಲ.

"ಆವತ್ತು ದಡದಲ್ಲಿ ತೆಪ್ಪದ ಅಗ್ಗ ಇಡ್ಕೊಂಡು ನಿಂತಿದ್ದೋನು ನೀನಲ್ವೇನಪ್ಪ ಬೆಟ್ಟ? ಯೋಳು" ಎಂದಳು.

ಬೆಟ್ಟಸ್ವಾಮಿ ಶರಬತ್ತಿನ ಗ್ಲಾಸನ್ನು ಟೇಬಲ್ಲಿನ ಮೇಲೆ ಸುತ್ತಿಸುತ್ತ ಕುಳಿತಿದ್ದ. ಎಷ್ಟು ಅತಿಥಿಗಳಿಗೆ ಎಷ್ಟು ವರ್ಷ ಆ ಕಥೆಯನ್ನು ತನ್ನದೆಂದು ಹೇಳಿದ್ದನೋ, ಈಗ ಹಿಂದಕ್ಕೆ ಕೊಡಲು ಅವನ ಕೈಯಲ್ಲಿ ಆಗಲಿಲ್ಲ.

"ಬರ್ದಿರದು ಬರ್ದದೆ. ಆಟ ಕಣಕ್ಕ, ಬುಡು" ಎಂದ. ತಲೆ ಎತ್ತಲಿಲ್ಲ.

ವೀರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋಗಿ, ನೆನೆಯಲಿಟ್ಟ ಪಾತ್ರೆಗಳನ್ನು ಉಜ್ಜಿದಳು. ದೋಣಿಯವರು ಹೊಸ ದೋಣಿಗೆ ಕಬಿನಿ ರಾಣಿ ಎಂದು ಹೆಸರಿಟ್ಟರಂತೆ, ಹೊರಗೆ ಚಪ್ಪಾಳೆ ಕೇಳಿಸಿತು.

ಆರು ಗಂಟೆಗೆ ಮನೆಗೆ ನಡೆದು ಹೋಗುವಾಗ ಪುಟ್ಟಿಯ ಫೋನು ಬಂತು.

"ಏನಾಯ್ತವ್ವ? ಗೆದ್ರಾ?"

"ಇಲ್ಲ ಕಣವ್ವ."

"ಓಗ್ಲಿ ಬುಡು. ಯಾವ್ದು ಗೊತ್ತಾಗ್ಲಿಲ್ಲ?"

ವೀರಮ್ಮ ದಾರಿಯ ಮೋರಿಕಟ್ಟೆಯ ಮೇಲೆ ಕುಳಿತಳು.

"ನಿಮ್ಮಪ್ಪನ ಎಸ್ರು ಯೋಳ್ದೆ ಕಣವ್ವ, ಎಲ್ರ ಮುಂದೆ."

"ಏನಂದ್ರವ್ವ?" ಎಂದಳು ಪುಟ್ಟಿ.

"ತಪ್ಪು ಅಂದ್ರು."