ಯಾಕಮ್ಮನಿಗೆ ಸಿಕ್ಕ ಐದು ನಿಮಿಷ

“ಐದು ನಿಮಿಷ ಕೊಡಲಿ ಸಾಕು, ಆ ಸಭಾಂಗಣದ ಕಂಬಗಳೂ ತಲೆಯಾಡಿಸಬೇಕು, ಹಾಗೆ ಮಾತಾಡಿ ಬರ್ತೀನಿ,” ಎಂದು ಯಾಕಮ್ಮ ಚಪ್ಪಲಿ ಮೆಟ್ಟಿಕೊಳ್ಳುತ್ತ ಸಾರಿದರು.

ಅತ್ತೆ ಪತ್ರಿಕೆಯಿಂದ ತಲೆಯೆತ್ತಲಿಲ್ಲ. “ಟೀ ಬೇಕೇನೇ ಅಂದ್ರೆ ‘ಬೇಕು ಅಂದ್ರೆ ಏನತ್ತೆ’ ಅನ್ನೋ ಪೈಕಿ ನೀನು. ಐದು ನಿಮಿಷದಲ್ಲಿ ನೀನು ಗಂಟಲು ಸರಿಮಾಡ್ಕೊಳ್ಳೋದೂ ಮುಗಿಯಲ್ಲ.”

ಯಾಕಮ್ಮ ಅಂದರೆ ವಿಶ್ವವಿದ್ಯಾಲಯದ ತತ್ವಶಾಸ್ತ್ರ ವಿಭಾಗ. ಮುಖ್ಯಸ್ಥೆಯಲ್ಲ, ವಿಭಾಗವೇ. ಉಳಿದವರೆಲ್ಲ ನಿವೃತ್ತರಾಗಿ, ಅವರ ಕುರ್ಚಿಗಳನ್ನು ಪಕ್ಕದ ವಿಭಾಗದವರು ಹೊತ್ತೊಯ್ದಿದ್ದರು. ಹೆಸರು ವಿದ್ಯಾರ್ಥಿಗಳು ಇಟ್ಟದ್ದು. ಹುಟ್ಟಿದಾಗ ಅಳುವುದು ಬಿಟ್ಟು ನರ್ಸನ್ನೇ ‘ಯಾಕೆ ಎಳೆದೆ?’ ಎಂದು ದಬಾಯಿಸಿದ್ದರಂತೆ.

ಈಗ ಕುಲಪತಿಗಳು ಹಟ ಹಿಡಿದಿದ್ದರು: ಈ ವಿಭಾಗದಿಂದ ಸಮಾಜಕ್ಕೇನು ಉಪಯೋಗ ಎಂದು ಸಮಿತಿಯ ಮುಂದೆ ಐದು ನಿಮಿಷದಲ್ಲಿ ಹೇಳಿ, ಇಲ್ಲವಾದರೆ ಬೀಗ.

ಉಳಿದ ವಿಭಾಗಗಳ ಮುಖ್ಯಸ್ಥರೆಲ್ಲ ಇದ್ದ ಸಮಿತಿ ಸೇರಿತು. ಯಾಕಮ್ಮ ಎದ್ದರು. “ಉತ್ತರ ಹೇಳೋಕೆ ಮುಂಚೆ, ಉಪಯೋಗ ಅಂದ್ರೆ ಏನು ಅಂತ ನೋಡ್ಬಿಡೋಣ.”

“ಅಯ್ಯೋ ಮೇಡಂ, ಅದೆಲ್ಲ ಬೇಡ!” ಎಂದರು ಕುಲಪತಿ.

“ಬೇಡ ಯಾಕೆ ಸರ್? ಉಪಯೋಗ ಯಾರಿಗೆ? ಇವತ್ತಿಗಾ, ಮೊಮ್ಮಕ್ಕಳ ಕಾಲಕ್ಕಾ? ಅಳೆಯೋರು ಯಾರು?”

ಪ್ರಶ್ನೆಯ ಬಾಲಕ್ಕೆ ಪ್ರಶ್ನೆ ಗಂಟು ಹಾಕುತ್ತ ಹೋದರು. ಕಂಬಗಳು ತಲೆಯಾಡಿಸಲಿಲ್ಲ, ಆಕಳಿಸಿದವು. ಉತ್ತರದ ಹೊಸ್ತಿಲಿಗೆ ಕಾಲಿಡುವಷ್ಟರಲ್ಲಿ ಗಂಟೆ ಹೊಡೆಯಿತು.

“ಒಂದು ಉಪಯೋಗ ಹೇಳಿ ಅಂದ್ರೆ ಒಂದು ಮೂಟೆ ಪ್ರಶ್ನೆ ಸುರಿದ್ರಲ್ಲ!” ಕುಲಪತಿ ಹಣೆ ಚಚ್ಚಿಕೊಂಡರು. “ಆಚೆ ಕೂತಿರಿ. ತೀರ್ಮಾನ ಮಾಡಿ ಹೇಳ್ತೀವಿ.”

ಕಾರಿಡಾರಿನ ಬೆಂಚಿನಲ್ಲಿ ಯಾಕಮ್ಮ ತಮ್ಮ ನಾಲಿಗೆಗೇ ಶಾಪ ಹಾಕಿದರು. ಆಯುಷ್ಯವೆಲ್ಲ ಪಾಠ ಮಾಡಿದ ಕೋಣೆಗೆ ನಾಳೆ ಬೀಗ. ಅದರ ಮೇಲೆ, ಅತ್ತೆ ಹೇಳಿದ್ದೇ ನಿಜವಾಯಿತಲ್ಲ ಎಂಬ ಉರಿ ಬೇರೆ.

ಒಳಗಿನಿಂದ ದನಿಗಳು ಏರತೊಡಗಿದವು.

“ಕೆಲಸ ಸಿಗೋದೇ ಉಪಯೋಗ ಕಣ್ರೀ!”

“ಹಾಗಾದ್ರೆ ನಿಮ್ಮ ನಕ್ಷತ್ರ ನೋಡೋ ವಿಭಾಗ ಮೊದಲು ಮುಚ್ಚಿ! ನಕ್ಷತ್ರ ಯಾರಿಗೆ ಕೆಲಸ ಕೊಟ್ಟಿದೆ?”

“ನಮ್ಮ ತಂಟೆಗೆ ಬಂದ್ರೆ ನೋಡಿ!”

ಕುರ್ಚಿಯೊಂದು ಉರುಳಿತು. ಊಟದ ಹೊತ್ತು ದಾಟಿತು. ಸದ್ದಿಗೆ ಛಾವಣಿಯ ಪಾರಿವಾಳಗಳು ಊರನ್ನೇ ಬಿಟ್ಟು ಹೋದವು.

ಕೊನೆಗೆ ಬಾಗಿಲು ತೆರೆದ ಕುಲಪತಿಗಳ ಟೈ ಬೆನ್ನ ಮೇಲಿತ್ತು. “ಎಂಥ ಕಿಡಿ ಎಸೆದು ಬಂದ್ರಿ ಮೇಡಂ! ಉಪಯೋಗ ಅಂದ್ರೇನು ಅಂತ ಒಬ್ಬೊಬ್ಬರದ್ದು ಒಂದೊಂದು ರಾಗ. ಹೀಗಾದ್ರೆ ಎಲ್ಲ ವಿಭಾಗಕ್ಕೂ ಬೀಗವೇ. ಕೈ ಮುಗೀತೀನಿ, ಬಂದು ಜಗಳ ಬಿಡಿಸಿ.”

ಯಾಕಮ್ಮ ಬೆಂಚು ಬಿಟ್ಟು ಏಳಲಿಲ್ಲ.

“ಬಿಡಿಸಬಹುದು ಸರ್. ಆದ್ರೆ ಅದು ನಮ್ಮ ವಿಭಾಗದ ಕೆಲಸ. ವಿಭಾಗ ಇದೆಯೋ ಇಲ್ವೋ, ಅದನ್ನ ಮೊದಲು ಹೇಳಿ.”