ಭೀಮವ್ವನ ತುಪ್ಪಟದ ಒಡ್ಡು

ಭೀಮವ್ವನ ಬಾಯಿಗೆ ಹೆದರದವರು ತೆಲಂಗಾಣದ ಕೊಹೀರ್ ಸುತ್ತಮುತ್ತ ಯಾರೂ ಇಲ್ಲ. ಗಂಡ ಅಮೋಘಸಿದ್ದ ಹೆದರುವುದಿಲ್ಲ ಅನ್ನುತ್ತಾರೆ, ಆದರೆ ಅವನಿಗೆ ಒಂದು ಕಿವಿ ಮಂದ, ಅದು ಲೆಕ್ಕಕ್ಕಿಲ್ಲ. ಐವತ್ತೈದರ ಹೆಂಗಸು, ಅರವತ್ತು ಕುರಿ, ಎರಡೆಕರೆ ತೊಗರಿ ಹೊಲ. ಶಾಲೆಯ ಮೆಟ್ಟಿಲು ಹತ್ತಿಲ್ಲ, ಆದರೆ ಮೂರು ಭಾಷೆಗಳಲ್ಲಿ ಜಗಳಾಡುತ್ತಾಳೆ: ಮನೆಯವರೊಂದಿಗೆ ಕನ್ನಡ, ಆಫೀಸಿನವರೊಂದಿಗೆ ತೆಲುಗು, ಲಾರಿ ಡ್ರೈವರುಗಳೊಂದಿಗೆ ದಖನಿ ಉರ್ದು.

ಊರ ಕೆರೆ ಹೆದ್ದಾರಿಯ ಕೆಳಗಿದೆ. ಹೆದ್ದಾರಿ ಅಗಲವಾದ ಮೇಲೆ ಅದರ ಪಕ್ಕಕ್ಕೆ ಲಾರಿ ಗ್ಯಾರೇಜುಗಳ ಸಾಲು ಬಂತು. ಹಳೆಯ ಇಂಜಿನ್ ಎಣ್ಣೆ, ಡೀಸೆಲ್ ತೊಳೆದ ನೀರು, ಬ್ಯಾಟರಿಯ ಆಸಿಡ್ ಎಲ್ಲವೂ ಒಂದೇ ಮೋರಿಯಲ್ಲಿ ಸೇರಿ ಕೆರೆಗೆ ಇಳಿಯುತ್ತಿತ್ತು. ಎರಡು ವರ್ಷದಲ್ಲಿ ಕೆರೆಯ ಮೈಮೇಲೆ ಕಾಮನಬಿಲ್ಲಿನ ಪೊರೆ ಕಟ್ಟಿತು. ನೋಡಲು ಚಂದ. ಆದರೆ ಆ ನೀರು ಕುಡಿದ ಕುರಿಗಳು ಉಚ್ಚಿಕೊಂಡವು, ಬಸವನಹುಳುಗಳು ಸತ್ತು ದಡಕ್ಕೆ ಬಿದ್ದವು, ಏಡಿಗಳು ಎಲ್ಲಿಗೋ ಎದ್ದುಹೋದವು. ಎಲ್ಲರಿಗಿಂತ ಮೊದಲು ಬದುಕು ಕೆಟ್ಟದ್ದು ಮೈಸಮ್ಮನದು. ಆಕೆ ಭೀಮವ್ವನ ಗೆಳತಿ, ಈ ಕೆರೆಯ ಮೀನು ಮಾರಿಯೇ ಮೂರು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದವಳು. ಈ ಕೆರೆಯ ಕೊರಮಟ್ಟ ಮೀನೆಂದರೆ ಜಹೀರಾಬಾದಿನವರು ಬುಟ್ಟಿ ಇಳಿಸುವ ಮೊದಲೇ ಕೈಹಾಕುತ್ತಿದ್ದರು. ಈಗ ಕೊರಮಟ್ಟ ಮರಿ ಹಾಕುವುದನ್ನೇ ಬಿಟ್ಟಿತ್ತು.

"ಈ ಮೀನಿನ ತತ್ತಿ ನೀರಿನ ಮ್ಯಾಲ ತೇಲ್ತದ ಯಕ್ಕಾ," ಎಂದಳು ಮೈಸಮ್ಮ. "ಎಣ್ಣಿನೂ ಮ್ಯಾಲೇ ತೇಲ್ತದ. ಎರಡೂ ಒಂದೇ ಹಾಸಿಗಿ ಮ್ಯಾಲ ಮಲಗಿದ್ರ ತತ್ತಿ ಉಸಿರು ಹ್ಯಾಂಗ ಆಡಬೇಕು? ದೊಡ್ಡ ಮೀನರೆ ಏನು, ಗಾಳಿ ಕುಡ್ಯಾಕ ಮ್ಯಾಲ ಬರ್ತದ, ಬಾಯಿ ತುಂಬ ಡೀಸೆಲ್ ಕುಡದು ಹೋಗ್ತದ."

ಅರ್ಜಿ ಕೊಟ್ಟರು. ಅಧಿಕಾರಿಗಳು ಬಂದರು, ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋದರು. ನೀರೂ ಬರಲಿಲ್ಲ, ಬಾಟಲಿಯೂ ಬರಲಿಲ್ಲ. ಅರ್ಜಿ ಬರೆದು ಬರೆದು ಬೆರಳು ಸವೆದವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ದಾರಿ ತೋರಿಸಿದ್ದು ಟಗರು. ಬೇಸಿಗೆಯ ಒಂದು ಮಧ್ಯಾಹ್ನ ಭೀಮವ್ವನ ಟಗರು ಢಾಬಾದವರು ಎಸೆದ ಕೋಸಿನ ಎಲೆಗೆ ಆಸೆಪಟ್ಟು ಮೋರಿಗಿಳಿಯಿತು. ಅದರ ಉದ್ದಕ್ಕೂ ನಡೆದು ಆ ಕಡೆ ಎದ್ದು ಬಂದಾಗ ಡಾಂಬರಿನ ಮುದ್ದೆಯಾಗಿತ್ತು. ಗ್ಯಾರೇಜಿನ ಮೆಕ್ಯಾನಿಕ್ ಈಶಪ್ಪ ಪಾನಾ ಕೈಯಲ್ಲಿ ಹಿಡಿದೇ ನಕ್ಕ. "ಅವ್ವಾ, ನಿನ್ನ ಟಗರಿನ ಸರ್ವಿಸಿಂಗ್ ಫುಕಟ್ ಆತು ನೋಡು!"

ಭೀಮವ್ವ ನಗಲಿಲ್ಲ. ಟಗರು ನಡೆದ ಹಾದಿಯುದ್ದಕ್ಕೂ ಮೋರಿಯ ನೀರಿನಲ್ಲಿ ಕಾಮನಬಿಲ್ಲು ಮಾಯವಾಗಿತ್ತು. ಅಲ್ಲೇ ಟಗರನ್ನು ಕೆಡವಿ ತುಪ್ಪಟ ಕತ್ತರಿಸಿದಳು. ಉಣ್ಣೆಯನ್ನು ಹಿಂಡಿದರೆ ಅರ್ಧ ಚೊಂಬು ಎಣ್ಣೆ ಇಳಿಯಿತು, ನೀರು ಎರಡು ಹನಿ.

"ನೀರು ಒಲ್ಲೆ ಅಂತದ, ಎಣ್ಣಿ ಕುಡಿತದ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. "ಈ ಕುಡುಕನ ನಾನೇ ಸಾಕೀನಲ್ಲ!"

ಇಷ್ಟು ಕಂಡವಳು ಮರುದಿನ ಮೋರಿಗೆ ಉಣ್ಣೆ ಹಾಕಬೇಕಿತ್ತು. ಹಾಕಲಿಲ್ಲ. ಕುರಿ ಸಾಕುವವರಿಗೆ ಹಸಿ ತುಪ್ಪಟ ಒಂದು ವಸ್ತುವೇ ಅಲ್ಲ. ನೂತು, ನೇಯ್ದು, ಕಂಬಳಿಯಾದರೆ ಮಾತ್ರ ಅದಕ್ಕೆ ಮಾನ. ಕೆರೆಯ ಕೆಲಸಕ್ಕೆ ಕಳಪೆ ಮಾಲು ಕೊಡುವುದೇ ಎಂದು ಅಮೋಘಸಿದ್ದನ ಹೊಚ್ಚಹೊಸ ಕಂಬಳಿಯನ್ನೇ ತಂದು ಮೋರಿಗೆ ಅಡ್ಡ ಕಟ್ಟಿದಳು. ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿ ತಿಕ್ಕಿರುತ್ತಾರೆ, ಮಳೆ ಒಳಗೆ ಬರಬಾರದೆಂದೇ. ಅದು ಎಣ್ಣೆಯನ್ನೂ ಒಳಗೆ ಬಿಡಲಿಲ್ಲ, ನೀರನ್ನೂ ಬಿಡಲಿಲ್ಲ. ಮೋರಿ ತುಂಬಿತು, ಹಿಂದಕ್ಕೆ ಹರಿಯಿತು, ಗ್ಯಾರೇಜು ಸಾಲಿನ ಮಾಲೀಕ ವೈಜಿನಾಥ ಸಾಹುಕಾರರ ಅಂಗಡಿಗೆ ನುಗ್ಗಿತು. ಅವರು ಆಗಷ್ಟೇ ಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ ಕುರ್ಚಿಯಲ್ಲಿ ಕೂತಿದ್ದರು.

"ಏ ಭೀಮವ್ವಾ! ನನ್ನ ದುಕಾನದಾಗ ಹೊಳಿ ಹರಸೀ ಏನ?"

"ನೀರು ನಿಮ್ಮವೇ ಅದಾವಲ್ರಿ ಸಾವ್ಕಾರ್ರ, ನಿಮ್ಮ ಮನಿಗೇ ಬಂದಾವ. ಎರಡು ವರ್ಷ ನಮ್ಮ ಮನಿಗಿ ಬರ್ತಿದ್ದುವು, ನಾವೇನರೆ ಅಂದೇವೇನು?"

"ಮೀನು ಸತ್ತದ್ದು ನಮ್ಮ ಎಣ್ಣಿಯಿಂದ ಅಂತ ಯಾರು ಹೇಳ್ಯಾರ? ಬಿಸಲಿಗಿ ಸತ್ತಾವ."

"ನಮ್ಮ ಅಜ್ಜನ ಕಾಲದಾಗ ಬಿಸಲೇ ಇರ್ಲಿಲ್ಲೇನ್ರಿ?"

ಸೇರಿದ್ದ ಜನ ನಕ್ಕರು. ಸಾಹುಕಾರರಿಗೆ ಎಣ್ಣೆ ನೀರಿಗಿಂತ ಆ ನಗುವೇ ಹೆಚ್ಚು ಉರಿಯಿತು. "ಆತು! ನಿನ್ನ ಉಣ್ಣಿಯಿಂದ ಎಣ್ಣಿ ತಡಿ. ಈ ಮಳೆಗಾಲದಾಗ ನಿಮ್ಮ ಮೀನು ಮರಿ ಹಾಕ್ತಂದ್ರ ತಪ್ಪು ನಂದೇ ಅಂತ ಒಪ್ಪತೀನಿ, ಎಣ್ಣಿ ನೀರಿಗಿ ಸಿಮೆಂಟ್ ಗುಂಡಿ ಕಟ್ಟಸ್ತೀನಿ. ಹಾಕಲಿಲ್ಲಂದ್ರ ನೀ ಮತ್ತ ಈ ಮೋರಿ ಕಡಿ ಹೊಳ್ಳಿ ನೋಡಬಾರದು, ಅರ್ಜಿ ಬರಸಬಾರದು. ಕಬೂಲೇನು?"

"ಲಿಂಗ ಮುಟ್ಟಿ ಹೇಳ್ರಿ."

ಎದೆಯ ಮೇಲಿನ ಲಿಂಗ ಮುಟ್ಟಿ ಹೇಳಿದರು. ಆ ಮಾತಿಗೆ ಊರೇ ಸಾಕ್ಷಿಯಾಯಿತು.

ಸಂಜೆ ಅಮೋಘಸಿದ್ದ ಗಂಜಿ ಬಿಟ್ಟು ಲೋಳೆಲೋಳೆಯಾದ ಕಂಬಳಿಯನ್ನು ಎತ್ತಿ ನೋಡಿದ. "ಹಾಂಗೇ ಹಸಿ ತುಪ್ಪಟ ಹಾಕಿದ್ರ ಏನಾಗ್ತಿತ್ತು? ಗುಡಿಸಲದಾಗ ಕೊಳ್ಯಾಕತ್ತದ, ಯಾರೂ ಕೊಳ್ಳಾವ್ರಿಲ್ಲ," ಎಂದ. ಇಡೀ ವರ್ಷದಲ್ಲಿ ಅವನಾಡಿದ ಅತಿ ಉದ್ದದ ಮಾತು ಅದು. ಅಷ್ಟೇ ಸರಿಯಾದ ಮಾತೂ ಹೌದು.

ಕುರಿಯವರ ಕೇರಿಯ ಮೂಲೆಮೂಲೆಯಿಂದ ಕರಿ ಉಣ್ಣೆ ಹೊರಬಂತು. ಅದನ್ನು ಉಳ್ಳಾಗಡ್ಡಿಯ ಜಾಳಿಗೆ ಚೀಲಗಳಲ್ಲಿ ಸಡಿಲವಾಗಿ ತುಂಬಿದರು. ಹಗ್ಗಕ್ಕೆ ಪೋಣಿಸುವ ಕೆಲಸ ಮೈಸಮ್ಮನದು. ಬಲೆಯ ಗಂಟು ಆಕೆಯಂತೆ ಯಾರೂ ಹಾಕಲಾರರು. ಬಲೆಗೆ ಕಟ್ಟುವ ಬೆಂಡುಗಳನ್ನೇ ಚೀಲಗಳಿಗೂ ಕಟ್ಟಿ ತೇಲುವಂತೆ ಮಾಡಿದಳು. ಮೋರಿಗೆ ಅಡ್ಡಲಾಗಿ ಏಳು ಸಾಲು ನಿಂತವು. ಮೊದಲ ಸಾಲು ದಾಟುವಾಗ ಕಪ್ಪಗಿದ್ದ ನೀರು ಏಳನೆಯದನ್ನು ದಾಟುವಾಗ ಬರೀ ಮಣ್ಣುಬಣ್ಣ.

ಎಣ್ಣೆ ಕುಡಿದ ಚೀಲಗಳನ್ನು ಹಿಂಡುವುದು ಹೇಗೆ? ಗ್ಯಾರೇಜಿನ ಹಿಂದೆ ಯಾರೋ ಬಿಟ್ಟುಹೋದ ಕಬ್ಬಿನ ಹಾಲಿನ ಗಾಡಿ ತುಕ್ಕು ಹಿಡಿದು ಬಿದ್ದಿತ್ತು. ಈಶಪ್ಪ ಅದರ ಗಾಣವನ್ನು ಬಿಚ್ಚಿ, ಗ್ರೀಸ್ ಹಚ್ಚಿ ನಿಲ್ಲಿಸಿದ. ವಾರಕ್ಕೊಮ್ಮೆ ಹೆಂಗಸರು ಬಂದು ಹಿಡಿಕೆ ತಿರುಗಿಸುತ್ತಿದ್ದರು. ಹಿಂಡಿದ ಎಣ್ಣೆ ಡ್ರಮ್ಮಿಗೆ, ಡ್ರಮ್ಮು ಹಳೇ ಎಣ್ಣೆ ಒಯ್ಯುವ ಗಾಡಿಗೆ, ಉಣ್ಣೆ ಮತ್ತೆ ಮೋರಿಗೆ. ಹಾಡು, ಚಾ, ಒಬ್ಬರ ಸೊಸೆಯ ಮೇಲೆ ಇನ್ನೊಬ್ಬರ ಚಾಡಿ, ಎಲ್ಲವೂ ಅಲ್ಲೇ. ಒಂದು ದಿನ ಲಾರಿ ನಿಲ್ಲಿಸಿದ ಡ್ರೈವರ್ ಗಾಣ ಕಂಡು ಬಾಯಾರಿ ಓಡಿಬಂದು, ಐಸ್ ಹಾಕಿದ ಒಂದು ಗ್ಲಾಸು ಕಬ್ಬಿನ ಹಾಲು ಕೇಳಿದ. "ಏಕ್ ಗ್ಲಾಸ್ ದೇವ್ ಅಮ್ಮಾ, ಬರಫ್ ಡಾಲ್‌ಕೇ."

ಭೀಮವ್ವ ಕರಿ ಎಣ್ಣೆಯ ಚೊಂಬನ್ನೇ ಮುಂದೆ ಹಿಡಿದಳು. "ಪೀಲೇ ಬೇಟಾ. ತೇರೀಚ್ ಲಾರಿ ಕಾ ಹೈ." ಕುಡಿ ಮಗನೇ, ನಿನ್ನ ಲಾರಿಯದೇ ಎಂದಳು.

ಉಣ್ಣೆ ಎಲ್ಲವನ್ನೂ ತಡೆಯಲಿಲ್ಲ, ಸುಳ್ಳು ಯಾಕೆ ಹೇಳಬೇಕು? ಬ್ಯಾಟರಿಯ ಆಸಿಡ್ ಏಳು ಸಾಲನ್ನೂ ದಾಟಿ ಹೋಗುತ್ತಿತ್ತು, ಮೋರಿಯ ಬಾಯಲ್ಲಿ ಹುಳುಹುಪ್ಪಟೆ ಸಾಯುತ್ತಲೇ ಇದ್ದವು. ಭೀಮವ್ವ ಈಶಪ್ಪನ ಕೈಗೊಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಳು. "ಬ್ಯಾಟರಿ ನೀರು ಇದರಾಗ ಹಾಕು. ಮೋರಿಗಿ ಬಿಟ್ಟೆಂದ್ರ ಅದೇ ನೀರಾಗ ನಿನಗ ಚಾ ಕಾಸ್ತೀನಿ." ಈಶಪ್ಪ ಮತ್ತೆ ಮೋರಿಗೆ ಬಿಡಲಿಲ್ಲ.

ಮಳೆ ಬಂತು. ಕೆರೆ ತುಂಬಿತು. ಆಷಾಢ ಮುಗಿಯಿತು, ಮರಿಯ ಸುಳಿವಿಲ್ಲ. ಸಾಹುಕಾರರಿಗೆ ದಿನಾ ಅದೇ ಆಟ.

"ಭೀಮವ್ವಾ, ಹಡೀತೇನು ನಿನ್ನ ಮೀನು?"

"ಬಸರಿಗಿ ಅವಸರ ಮಾಡಬಾರದ್ರಿ."

ಸೋತರೆ ಮೋರಿಯ ಬಾಯಿ ಬಿಚ್ಚಿದಂತೆ, ತನ್ನ ಬಾಯಿ ಮುಚ್ಚಿದಂತೆ. ಮೊದಲನೆಯದಕ್ಕೆ ಕೆರೆ ಸಾಯುತ್ತದೆ, ಎರಡನೆಯದಕ್ಕೆ ತಾನೇ ಸಾಯುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಬೆಳಗ್ಗೆ ಕುರಿ ಬಿಡುವ ಮುಂಚೆ ಕೆರೆಯ ಸುತ್ತು ಹಾಕುವುದು, ಜೊಂಡು ಸರಿಸಿ ಬಗ್ಗಿ ನೋಡುವುದು, ಕಪ್ಪೆಗಳನ್ನು ಬೈದು ತಿರುಗಿ ಬರುವುದು.

ಶ್ರಾವಣದ ಎರಡನೇ ಸೋಮವಾರ ಮೈಸಮ್ಮ ಸೀರೆ ಎತ್ತಿಕಟ್ಟಿ ಕೇರಿಯ ತನಕ ಓಡಿಬಂದಳು. ಏದುಸಿರು ಬಿಡುತ್ತ ಕೆರೆಯ ಕಡೆಗೆ ಕೈ ತೋರಿಸಿದಳು. ಭೀಮವ್ವ ಹೋಗಿ ನೋಡಿದಳು. ಜೊಂಡಿನ ನಡುವೆ ಒಂದು ಮೊರದಷ್ಟು ಅಗಲದ ಕೆಂಪು ಮುದ್ದೆ ನೀರಿನ ಮೇಲೆ ಕುದಿಯುತ್ತಿತ್ತು. ಸಾವಿರ ಮರಿ, ಎಲ್ಲವೂ ಒಟ್ಟಿಗೆ ಮೇಲೇಳುತ್ತವೆ, ಗುಟುಕು ಗಾಳಿ ಕುಡಿದು ಒಟ್ಟಿಗೆ ಮುಳುಗುತ್ತವೆ. ಭೀಮವ್ವ ನೋಡಿದಳು, ಮೂಗು ಒರೆಸಿಕೊಂಡಳು, ಸೀದಾ ಸಾಹುಕಾರರ ಅಂಗಡಿಗೆ ನಡೆದು ಮರಿ ನೋಡಲು ಕರೆದಳು.

"ಶ್ರಾವಣ ಸೋಮಾರ, ಉಪಾಸ ಇದ್ದೀನಿ. ಮೀನಿನ ಮುಂದ ನಿಂದರಸಬ್ಯಾಡ," ಎಂದರು ಸಾಹುಕಾರರು.

"ತಿನ್ರಿ ಅಂತ ಯಾರಂದ್ರು? ನೋಡ್ರಿ ಅಂದೇನಿ."

ಅವರು ಬಂದರು. ಹಿಂದೆ ಅರ್ಧ ಊರು ಬಂತು. ಸಾಹುಕಾರರು ದಡದಲ್ಲಿ ನಿಂತು ಕಣ್ಣು ಕಿರಿದು ಮಾಡಿದರು. "ಯಾರೋ ಕುಂಕುಮ ಚೆಲ್ಯಾರ."

"ಹತ್ರ ಹೋಗಿ ನೋಡ್ರಿ, ಹಣಿಗಿ ಹಚ್ಚಿಕೊಂಡು ಬರ್ರಿ."

ಸಾಹುಕಾರರು ಧೋತರ ಮೇಲೆತ್ತಿ ನೀರಿಗಿಳಿದರು. ನಾಲ್ಕು ಹೆಜ್ಜೆ. ಕೊರಮಟ್ಟ ತನ್ನ ಮರಿ ಕಾಯುತ್ತದೆಂದು ಹುಟ್ಟಾ ಸಸ್ಯಾಹಾರಿಗೆ ಹೇಗೆ ತಿಳಿಯಬೇಕು? ಜೊಂಡಿನೊಳಗಿಂದ ಮೊಳಕೈಯಷ್ಟು ಉದ್ದದ ಮೀನು ಈಟಿಯಂತೆ ಬಂದು ಅವರ ಮೀನಖಂಡಕ್ಕೆ ಗುದ್ದಿತು. ಸಾಹುಕಾರರು "ಎಪ್ಪಾ!" ಎಂದು ಕೂಗಿ ಸೊಂಟ ಮುಳುಗುವಂತೆ ನೀರಿನಲ್ಲಿ ದಪ್ಪನೆ ಕೂತರು. ದಡದ ಮೇಲಿನ ನಗೆ ಹೆದ್ದಾರಿಗೆ ಕೇಳಿರಬೇಕು.

"ಮೀನು ಹೊಡಿತಾವಂತ ಯಾರೂ ಹೇಳ್ಲಿಲ್ಲಲ್ಲೇ!"

"ಕೂಸಿನ ಹತ್ರ ಹೋದ್ರ ಬಿಡ್ತಾವೇನ್ರಿ?" ಎಂದಳು ಮೈಸಮ್ಮ.

ಸಾಹುಕಾರರು ನೀರಿನಲ್ಲಿ ಕೂತೇ ಆ ಕೆಂಪು ಮುದ್ದೆಯನ್ನು ನೋಡಿದರು. ಅದು ಮೇಲೆ ಬಂತು, ಗುಟುಕರಿಸಿತು, ಮುಳುಗಿತು. ಮತ್ತೆ ಬಂತು. ಅವರ ಹೊಟ್ಟೆ ಅಲುಗತೊಡಗಿತು. ಸಿಟ್ಟಿಗೆ ಎಂದುಕೊಂಡರು ಜನ, ನಗೆಗೆ ಎಂದು ಆಮೇಲೆ ತಿಳಿಯಿತು.

"ಕಟ್ಟಸ್ತೀನವ್ವಾ, ಗುಂಡಿ ಕಟ್ಟಸ್ತೀನಿ."

"ಯಾವಾಗ್ರಿ?"

"ಶ್ರಾವಣ ಮುಗೀಲಿ."

"ಹಂಗಾರ ಶ್ರಾವಣ ಮುಗ್ಯಾತನಕ ಅಲ್ಲೇ ಕುಂದರ್ರಿ. ಮೀನಿಗಿ ಜೋಡಾಗ್ತದ."

ಜೊಂಡು ಮತ್ತೊಮ್ಮೆ ಅಲುಗಿತು. ಸಾಹುಕಾರರು ಹಿಂದೆ ಹಿಂದೆ ತೆವಳುತ್ತ ದಡದ ಕಡೆಗೆ ಕೂಗಿದರು. "ಈಶಪ್ಪಾ! ಸಲಿಕಿ ತಗೊಂಡು ಮೋರಿ ಹತ್ರ ನಡೀಲೇ! ಈಗಿಂದೀಗ!"

ಈಶಪ್ಪ ಹೊರಟವನು ನಿಂತು ಕೇಳಿದ, "ಎಷ್ಟು ಆಳ ಅಗೀಲಿರಿ?"

ಉತ್ತರ ಕೊಟ್ಟವಳು ಭೀಮವ್ವ. ಅಷ್ಟರಲ್ಲಾಗಲೇ ಅವಳೇ ಸಲಿಕೆ ಹುಡುಕಿಕೊಂಡು ಏರಿಯ ಮೇಲೆ ನಡೆದಿದ್ದಳು. "ನೀ ಮೊದಲು ಬಾರೋ, ಆಳ ನಾ ನಿಂತು ತೋರಸ್ತೀನಿ!"